ಅರಳೆಯ ಕ್ಷೌರ

ಈ ಕಥೆಯನ್ನು ಹೇಳುವವರು ಬೇರೆಬೇರೆ ಕಡೆಯಿಂದ ಆರಂಭಿಸುತ್ತಾರೆ. ಕ್ಷೌರದಂಗಡಿಯ ಗಿರಾಕಿಗಳು ಕತ್ತರಿಯಿಂದ ಶುರುಮಾಡುತ್ತಾರೆ. ಮಹಡಿಯ ನೆರೆಯವರು ಜಗಳದ ಸದ್ದಿನಿಂದ. ಕ್ಷೌರಿಕನ ಅತ್ತೆ ಮಾತ್ರ ಮೊಲಗಳನ್ನು ಕರೆತಂದ ದಿನದಿಂದಲೇ ಹೇಳಬೇಕೆಂದು ಹಟ ಹಿಡಿಯುತ್ತಾಳೆ. ಕೊಂಡಿಗಳೆಲ್ಲ ಸರಿಯಾಗಿ ಕೂಡುವುದು ಆಕೆಯ ಪಾಠದಲ್ಲೇ ಆದ್ದರಿಂದ ಇಲ್ಲಿ ಅದನ್ನೇ ಅನುಸರಿಸಿದೆ. ಉಳಿದವರ ಮಾತು ಬೇರೆಯಾದ ಕಡೆ ಅದನ್ನೂ ಬಿಟ್ಟಿಲ್ಲ.

ಅತ್ತೆ ಮಗಳ ಮನೆಗೆ ಬಂದು ನೆಲೆಸಿ ಹೆಚ್ಚು ಕಾಲವಾಗಿರಲಿಲ್ಲ. ಮೇಲ್ಮಹಡಿಯ ಚಿಕ್ಕ ಮನೆ. ಮಗಳು ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಅಳಿಯನ ಕ್ಷೌರದಂಗಡಿ ಅದೇ ಬೀದಿಯ ತಿರುವಿನಲ್ಲಿತ್ತು. ಮನೆಯಲ್ಲಿ ಯಾವ ಡಬ್ಬಿ ಎಲ್ಲಿರಬೇಕೆಂಬುದು ಮಗಳ ಅಳತೆ, ಯಾವ ಕಿಟಕಿ ಎಷ್ಟು ತೆರೆದಿರಬೇಕೆಂಬುದು ಅಳಿಯನ ಅಳತೆ. ನಡುವೆ ಅತ್ತೆ ನೆಂಟಳಂತೆ ಗೋಡೆಗೆ ಒತ್ತಿಕೊಂಡು ಓಡಾಡುತ್ತಿದ್ದಳು. ಒಂದು ದಿನ ಊಟದ ಮಧ್ಯೆ, "ಈ ಮನೇಲಿ ನಂದು ಅಂತ ಇರೋದು ನನ್ನ ಹಲ್ಲುಸೆಟ್ಟು ಒಂದೇ" ಎಂದಳು. ಎಲ್ಲರೂ ನಕ್ಕರು. ನಗು ಮುಗಿದ ಮೇಲೂ ಆ ಮಾತು ಮಗಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು.

ಸಾಕಿದವರು ಬಿಟ್ಟುಹೋದ ಮೊಲಗಳನ್ನು ತಂದು ಸಾಕಿ, ಬೇಕೆಂದವರಿಗೆ ಕೊಡುವ ಹೆಂಗಸೊಬ್ಬಳು ಮುಚ್ಚಿಹೋದ ಲಾಂಡ್ರಿಯ ಹಿಂಭಾಗದಲ್ಲಿದ್ದಳು. ಎಲ್ಲರೂ ಆಕೆಯನ್ನು ಮೊಲದಕ್ಕ ಎನ್ನುತ್ತಿದ್ದರು. ತಾಯಿಗೆ ತನ್ನದೆನ್ನಲು ಏನಾದರೂ ಇರಲೆಂದು ಮಗಳು ಆಕೆಯನ್ನೂ ಗಂಡನನ್ನೂ ಅಲ್ಲಿಗೆ ಕರೆದೊಯ್ದಳು. ಅತ್ತೆ ಸಾಲಾಗಿದ್ದ ಗೂಡುಗಳನ್ನೆಲ್ಲ ದಾಟಿ ಒಂದರ ಮುಂದೆ ನೆಲದ ಮೇಲೆ ಕುಳಿತೇಬಿಟ್ಟಳು. ಒಳಗೆ ಉದ್ದ ಕೂದಲಿನ ಬಿಳಿಯ ಹೆಣ್ಣುಮೊಲ, ಅದಕ್ಕೆ ಅಂಟಿಕೊಂಡು ಒಂದು ಕಿವಿ ಜೋತ ಕಂದು ಗಂಡುಮೊಲ. ಬಾಡಿಗೆಯವರು ಖಾಲಿ ಮಾಡಿಹೋದ ಮನೆಯ ಬಾಲ್ಕನಿಯಲ್ಲಿ, ಒಡೆದ ಬಕೆಟ್ಟಿನ ಹಿಂದೆ ಎರಡೂ ಒಟ್ಟಿಗೆ ಸಿಕ್ಕಿದ್ದವಂತೆ.

"ಇವೇ" ಎಂದಳು ಅತ್ತೆ.

"ಅತ್ತೆ, ಇನ್ನೂ ಬೇರೆ ಇವೆ, ನೋಡಿ" ಎಂದ ಅಳಿಯ.

"ನೋಡೋದೇನಿದೆ ಅಳಿಯಂದ್ರೇ. ನಾನು ಹಿಡಿದ ಮೊಲಕ್ಕೆ ನಾಲ್ಕೇ ಕಾಲು, ಎಣಿಸ್ಕೊಳ್ಳಿ."

ಮೊಲದಕ್ಕ ಕೊಡುವ ಮೊದಲು ತನ್ನ ಕಟ್ಟಳೆ ಹೇಳಿದಳು. "ಇವು ಜೋಡಿ. ಒಂದನ್ನ ಬಿಟ್ಟು ಒಂದು ಇರಲ್ಲ. ಮುಂದಿನ ವಾರ ಬಂದು ನೋಡ್ತೀನಿ. ಜೊತೆ ಕೆಟ್ಟಿದ್ರೆ ಎರಡನ್ನೂ ವಾಪಸ್ ತಗೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬಾರದು. ಬಿಳಿದಕ್ಕೆ ಕೂದಲು ಗಂಟಾಗಿದೆ. ಮನೆಯಲ್ಲೇ, ದಿನಾ ಅಷ್ಟಷ್ಟು ಬಿಡಿಸಿ, ಇನ್ನೊಂದು ಪಕ್ಕದಲ್ಲೇ ಇರಲಿ." ಕ್ಷೌರಿಕ ತಲೆಯಾಡಿಸಿದ. ಆದರೆ ಅವನ ಬೆರಳುಗಳು ಆಗಲೇ ಗಂಟುಗಳ ಆಳ ನೋಡುತ್ತಿದ್ದವು.

ಬಿಳಿಯದಕ್ಕೆ ಅರಳೆ ಎಂದೂ, ನೆಲಕ್ಕೆ ಕಾಲು ಬಡಿದು ಮನೆಯವರನ್ನೆಲ್ಲ ಹದ್ದುಬಸ್ತಿನಲ್ಲಿಡುತ್ತಿದ್ದ ಕಂದು ಮೊಲಕ್ಕೆ ಜಮಾದಾರನೆಂದೂ ಅತ್ತೆ ಹೆಸರಿಟ್ಟಳು. ಹಾಲ್‌ನ ಮೂಲೆ ಅವುಗಳದಾಯಿತು, ಆ ಮೂಲೆ ಅತ್ತೆಯದಾಯಿತು. ವೈರುಗಳನ್ನು ಮೇಲೆತ್ತಿ ಕಟ್ಟಿಸಿದಳು, ಸೋಫಾ ಸರಿಸಿದಳು, ಕ್ಯಾರೆಟ್ ಸೊಪ್ಪಿಗಾಗಿ ಫ್ರಿಜ್ಜಿನ ಒಂದು ಖಾನೆಯನ್ನು ಯಾರನ್ನೂ ಕೇಳದೆ ಖಾಲಿ ಮಾಡಿದಳು. ಮಗಳು ಅದನ್ನು ಕಂಡೂ ಕಾಣದಂತೆ ಬಾಗಿಲು ಮುಚ್ಚಿ ಒಳಗೊಳಗೇ ಹಿಗ್ಗಿದಳು.

ಕ್ಷೌರಿಕನ ಕೈ ಮಾತ್ರ ಸುಮ್ಮನಿರಲಿಲ್ಲ. ತಲೆ ಕೆದರಿದವರು ಎದುರು ಕುಳಿತರೆ ಅವನಿಗೆ ಅನ್ನ ಇಳಿಯದು. ಮೊಲದಕ್ಕ ಬರುವ ಹಿಂದಿನ ದಿನ, ಅತ್ತೆ ಮಧ್ಯಾಹ್ನ ಕಣ್ಣು ಮುಚ್ಚಿದ್ದಾಗ, ಅರಳೆಯೊಂದನ್ನೇ ಟವೆಲಿನಲ್ಲಿ ಸುತ್ತಿ ಅಂಗಡಿಗೆ ಒಯ್ದ. ಕುರ್ಚಿಯ ಮೇಲೆ ಕೂರಿಸಿ ಗಂಟುಗಳನ್ನೆಲ್ಲ ತೆಗೆದು, ಕಿವಿಯ ಹಿಂದೆ ಸಮ ಮಾಡಿ, ಹೊಟ್ಟೆಯ ಕೆಳಗೂ ಒಂದು ಕೂದಲೂ ಏರುಪೇರಾಗದಂತೆ ಕತ್ತರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಕತ್ತರಿ ಕೆಳಗಿಟ್ಟ ಕೈ ವರ್ಷಗಳ ರೂಢಿಯಂತೆ ತಾನಾಗಿಯೇ ಪೌಡರಿನ ಬ್ರಷ್ ಹಿಡಿದು ಮೊಲದ ಕತ್ತಿನ ಸುತ್ತ ಆಡಿಸಿತು. ಸೀಸೆ ಎತ್ತಿ ಕಿವಿಯ ಬುಡಕ್ಕೆ ಸುವಾಸನೆಯ ನೀರು ಹಚ್ಚಿತು. ಅದು ನಿಂಬೆಯ ವಾಸನೆಯೆಂದು ಗಿರಾಕಿಗಳು, ಗುಲಾಬಿಯದೆಂದು ನೆರೆಯವರು. ಕ್ಷೌರಿಕನನ್ನೇ ಕೇಳಿದರೆ, "ಗಿರಾಕಿ ಬೇಡ ಅನ್ನಲಿಲ್ಲ" ಎಂದಷ್ಟೇ ಹೇಳುತ್ತಾನೆ.

ಮನೆಗೆ ತಂದು ಬಿಟ್ಟಾಗ ಜಮಾದಾರ ಓಡಿಬಂದು ಮೂಸಿದ, ಹಿಂದೆ ಸರಿದ, ಮತ್ತೆ ಮೂಸಿದ. ಮೊಲಕ್ಕೆ ಗುರುತೆಂದರೆ ಮೂಗು. ಕಣ್ಣೆದುರಿಗಿದ್ದದ್ದು ಯಾವುದೋ ಅಂಗಡಿಯ ವಾಸನೆಯ ಅಪರಿಚಿತ ಪ್ರಾಣಿ. ಕಾಲು ನೆಲಕ್ಕೆ ಬಡಿಯಿತು. ಮರುಕ್ಷಣ ಅರಳೆ ಸೋಫಾದ ಸುತ್ತ ಓಡುತ್ತಿದ್ದಳು, ಜಮಾದಾರ ಬೆನ್ನ ಹಿಂದೆ. ಹಾಲ್‌ನ ತುಂಬ ಕಂದು ಬಿಳಿ ತುಪ್ಪುಳ ಹಾರಾಡಿತು. ಸದ್ದಿಗೆ ಎದ್ದುಬಂದ ಅತ್ತೆ ಎರಡರ ನಡುವೆ ದಿಂಬು ಒಡ್ಡಿ ಬೇರ್ಪಡಿಸಿದಳು. ಆಮೇಲೆ ಅರಳೆಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದಳು.

"ಇರಲಾರದವರು ಇರುವೆ ಬಿಟ್ಕೊಂಡ ಹಾಗಾಯ್ತು. ಇವಳೇನು ಫೋಟೋ ತೆಗೆಸ್ಕೋಬೇಕಿತ್ತಾ ಅಳಿಯಂದ್ರೇ?"

"ಗಂಟಿತ್ತು ಅತ್ತೆ..."

"ಗಂಟು ಬಿಡಿಸೋಕೆ ಹೋಗಿ ನಂಟು ಬಿಡಿಸಿದ್ರಿ."

ಸಂಜೆ ಮಗಳು ಬಂದಳು. ಮೊಲದಕ್ಕ ಬಂದಾಗ ಒಂದನ್ನು ಅಡುಗೆಮನೆಯಲ್ಲಿಟ್ಟು, ಮಲಗಿದೆ ಎಂದರಾಯಿತು ಎಂಬುದು ಅತ್ತೆಯ ಉಪಾಯ. "ಅಮ್ಮಾ, ಬೆಳಗಿನ ಹೊತ್ತು ಯಾವ ಮೊಲ ಅಡುಗೆಮನೇಲಿ ಮಲಗುತ್ತೆ?" ಎಂದು ಮಗಳು ಕೇಳಿದಳು. "ಸೋಂಬೇರಿ ಮೊಲ" ಎಂದಳು ಅತ್ತೆ. ಹಾಗೆನ್ನುವಾಗ ಆಕೆಯ ಸ್ವರದಲ್ಲಿ ನಗೆಯಿರಲಿಲ್ಲ. ಮೂಲೆಗೆ ಅಡ್ಡ ನಿಲ್ಲಿಸಿದ್ದ ತಂತಿಬಲೆಯ ಒಂದೊಂದು ಪಕ್ಕದಲ್ಲಿ ಒಂದೊಂದು ಮೊಲ. ಅತ್ತೆ ಮತ್ತೆ ಗೋಡೆಗೆ ಒತ್ತಿಕೊಂಡು ಕುಳಿತಿದ್ದಳು. ಅದನ್ನು ಕಂಡ ಕ್ಷೌರಿಕ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿ ಮೊಲದಕ್ಕನಿಗೆ ಫೋನ್ ಮಾಡಿದ.

"ಅಕ್ಕ, ತಪ್ಪು ನಂದು. ಸೆಂಟ್ ಹಾಕ್ಬಿಟ್ಟೆ."

"ಮೊಲಕ್ಕೆ?"

"ಮೊಲಕ್ಕೇ ಅಕ್ಕ. ಈಗ ಸ್ನಾನ ಮಾಡಿಸಿಬಿಡ್ಲಾ?"

"ಬೇಡಿ, ಬೇಡಿ. ಹೆದರಿ ಸತ್ತೇಹೋಗ್ತಾವೆ. ಒದ್ದೆ ಬಟ್ಟೇಲಿ ಸುಮ್ನೆ ಒರೆಸಿ. ರಾತ್ರಿ ಅವನ ಹುಲ್ಲು ಅವಳಿಗೆ, ಅವಳ ಹುಲ್ಲು ಅವನಿಗೆ ಹಾಸಿ. ನಾಳೆ ಇಬ್ಬರನ್ನೂ ಇಬ್ಬರದೂ ಅಲ್ಲದ ನೆಲದಲ್ಲಿ ಬಿಡಬೇಕು. ಅಂಥ ಜಾಗ ಇದೆಯಾ?"

"ಅಂಗಡಿಗೆ ನಾಳೆ ರಜ. ಅರಳೆ ಅಲ್ಲಿ ಕುರ್ಚಿ ಮೇಲಷ್ಟೇ ಕೂತಿದ್ದು, ನೆಲ ಮುಟ್ಟಿಲ್ಲ."

"ಸರಿ, ಅಲ್ಲೇ. ಬುಟ್ಟಿ ತರ್ತೀನಿ ಅಣ್ಣ. ಸಂಜೆಯೊಳಗೆ ಒಂದಾಗದಿದ್ರೆ ಕರ್ಕೊಂಡು ಹೋಗೋದೇ."

ಚಿಲಕ ತೆಗೆದರೆ ಬಾಗಿಲಲ್ಲೇ ಅತ್ತೆ. "ಬಚ್ಚಲುಮನೇಲಿ ಗುಟ್ಟು ಹೇಳಬಾರದು ಅಳಿಯಂದ್ರೇ, ಗಂಟೆ ಬಾರಿಸಿದ ಹಾಗೆ ಕೇಳಿಸುತ್ತೆ" ಎಂದು, ಬೈಯದೆ ಒದ್ದೆ ಬಟ್ಟೆ ಕೊಟ್ಟಳು.

ಮರುದಿನ ಅಂಗಡಿಯ ಶಟರನ್ನು ಅರ್ಧಕ್ಕಿಳಿಸಿ, ನಾಲ್ವರೂ ನೆಲದ ಮೇಲೆ ಕುಳಿತರು. ಮೊಲದಕ್ಕನ ಕೈಯಲ್ಲಿ ದಪ್ಪ ಕೈಗವಸು, ಬೆನ್ನ ಹಿಂದೆ ಬುಟ್ಟಿ. ಜಮಾದಾರ ಮೊದಲು ಕುರ್ಚಿಗಳ ಕಾಲುಗಳನ್ನೆಲ್ಲ ತಪಾಸಣೆ ಮಾಡಿದ. ಕನ್ನಡಿಯಲ್ಲಿ ಇನ್ನೊಬ್ಬ ಜಮಾದಾರನನ್ನು ಕಂಡು ಕಾಲು ಬಡಿದ. ಅರಳೆ, ಗಿರಾಕಿಗಳು ಪಾದ ಇಡುವ ಕಬ್ಬಿಣದ ಪಟ್ಟಿಯ ಕೆಳಗೆ ಮುದುಡಿದ್ದಳು. ಒಮ್ಮೆ ಆತ ಹತ್ತಿರ ಹೋಗಿ ತುಪ್ಪುಳ ಕಿತ್ತ. ಕೈಗವಸು ಅಡ್ಡ ಬಂತು. ಇನ್ನೊಮ್ಮೆ ಹೋಗಿ ಬರಿದೇ ಮೂಸಿ ಹಿಂದಿರುಗಿದ. ಮಧ್ಯಾಹ್ನ ಕಳೆಯಿತು. ಕ್ಷೌರಿಕ ಎರಡು ಸಲ ಎದ್ದ. ಎರಡು ಸಲವೂ ಅತ್ತೆ ಅವನ ಅಂಗಿ ಹಿಡಿದು ಕೂರಿಸಿದಳು. "ನಿಮ್ಮ ಕೈ ನಿನ್ನೆ ಮಾಡಿದ್ದೇ ಸಾಕು."

ಬಿಸಿಲು ಶಟರಿನ ಕೆಳಗಿಂದ ಸರಿಯುವ ಹೊತ್ತಿಗೆ ಅರಳೆ ತಾನಾಗಿಯೇ ಹೊರಬಂದಳು. ಜಮಾದಾರನ ಮುಂದೆ ಗಲ್ಲವನ್ನು ನೆಲಕ್ಕೆ ತಾಗಿಸಿ ತಲೆ ಬಗ್ಗಿಸಿದಳು. ನನ್ನ ಹಣೆ ನೆಕ್ಕು ಎಂದು ಮೊಲಗಳು ಕೇಳುವುದು ಹೀಗೆಯೇ. ಆದರೆ ಜಮಾದಾರನೂ ಬಿಗುಮಾನದಿಂದ ತನ್ನ ಗಲ್ಲವನ್ನು ನೆಲಕ್ಕಿಟ್ಟ. ಮೂಗಿಗೆ ಮೂಗು, ಎರಡೂ ತಲೆ ಬಗ್ಗಿಸಿ ಕಲ್ಲಾಗಿ ಕುಳಿತವು.

"ಇಬ್ಬರೂ ಗಿರಾಕಿಗಳೇ ಆದ್ರೆ ಕ್ಷೌರ ಮಾಡೋರು ಯಾರಪ್ಪ" ಎಂದಳು ಅತ್ತೆ ಪಿಸುದನಿಯಲ್ಲಿ. ಮಗಳು ನಗು ತಡೆಯಲಾರದೆ ಬಾಯಿಗೆ ಟವೆಲು ತುರುಕಿಕೊಂಡಳು.

ಕೊನೆಗೆ ಜಮಾದಾರ ತಲೆಯೆತ್ತಿದ. ಅರಳೆಯ ಕಿವಿಯ ಬುಡಕ್ಕೆ, ಸುವಾಸನೆಯ ನೀರು ತಾಗಿದ್ದಲ್ಲಿಗೇ ಮೂಗೊಡ್ಡಿದ, ಸೀನಿದ. ಇನ್ನೊಮ್ಮೆ ಸೀನಿದ. ಅನಂತರ ಹಣೆಯನ್ನು ನೆಕ್ಕಿದ, ಕಣ್ಣಿನ ಸುತ್ತ ನೆಕ್ಕಿದ, ಕ್ಷೌರಿಕ ಅಷ್ಟು ನಾಜೂಕಾಗಿ ಸಮಮಾಡಿದ್ದ ಕೂದಲನ್ನೆಲ್ಲ ಎತ್ತೆತ್ತಲೋ ತಿರುಗಿಸಿ ಕೆದರಿಬಿಟ್ಟ. ಅರಳೆ ಕಾಲು ಚಾಚಿ ಪಕ್ಕಕ್ಕೆ ಒರಗಿದಳು.

ಮೊಲದಕ್ಕ ಕೈಗವಸು ತೆಗೆದಳು. ಅತ್ತೆ ಮೂಗು ಒರೆಸಿಕೊಂಡು, ಕ್ಯಾರೆಟ್ ಸೊಪ್ಪು ತರಲು ಮಗಳನ್ನು ಮನೆಗೆ ಅಟ್ಟಿದಳು. ಕೇಳುವ ದನಿಯಲ್ಲಲ್ಲ, ಮನೆಯೊಡತಿಯ ದನಿಯಲ್ಲಿ.

"ಅಣ್ಣ, ಗಂಟು ಕತ್ತರಿಸಿದ ಕೈ ಮಾತ್ರ ಚೆನ್ನಾಗಿದೆ" ಎಂದಳು ಮೊಲದಕ್ಕ. "ನನ್ನ ಹತ್ತಿರ ಇಂಥವು ಇನ್ನೂ ಇವೆ."

ಕ್ಷೌರಿಕ ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರಿಸಿದಳು. "ರಜೆಯ ದಿನ ತಗೊಂಡ್ಬನ್ನಿ. ಜೊತೆಯದೂ ಬರಬೇಕು. ಆ ಸೆಂಟಿನ ಸೀಸೆ ನಾನಿಟ್ಕೋತೀನಿ."

ಅದರಂತೆ ಈಗ ಆ ಅಂಗಡಿಯಲ್ಲಿ ರಜೆಯ ದಿನಕ್ಕೊಂದು ಕಟ್ಟಳೆಯಿದೆ: ಒಂಟಿ ಮೊಲಕ್ಕೆ ಕತ್ತರಿ ಇಲ್ಲ. ಒಂದು ಕುರ್ಚಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವ ಮೊಲ. ಪಕ್ಕದ ಕುರ್ಚಿಯಲ್ಲಿ ಅತ್ತೆ, ಆಕೆಯ ಮಡಿಲಲ್ಲಿ ಸರದಿ ಕಾಯುವ ಇನ್ನೊಂದು ಮೊಲ. ಕತ್ತರಿ ತುಸು ವೇಗವಾದರೆ ಆಕೆ ಕೆಮ್ಮುತ್ತಾಳೆ.