ಕೆಂಪು ಗೆರೆಗೆ ಸರಿಯಾಗಿ ನಿಂತ ನೀರು

ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಗುಡ್ಡದ ಮೇಲಿನ ಹೊಸ ಟ್ಯಾಂಕಿನ ಒಳಗೋಡೆಗೆ, ಸೋರಿಕೆ ಪರೀಕ್ಷೆಗೆಂದು ವಾರದ ಹಿಂದೆ ನಾನೇ ಎಳೆದ ಕೆಂಪು ಗೆರೆಯನ್ನು ಹಾಗೇ ಮುಟ್ಟಿಕೊಂಡು ನಿಂತಿತ್ತು. ನನ್ನ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಗುತ್ತಿಗೆದಾರ, "ನೋಡಿದ್ರಾ ಮೇಡಂ, ನಮ್ಮ ಕೆಲಸ ಅಂದ್ರೆ ಹೀಗೆ. ಪಾಸ್ ಅಂತ ಸಹಿ ಹಾಕಿಬಿಡಿ" ಎಂದು ಹಲ್ಲು ಕಿರಿದ. ನಾನು ಪೆನ್ನಿನ ಮುಚ್ಚಳ ಮತ್ತೆ ಹಾಕಿದೆ.

ಹೊಸ ಕಾಂಕ್ರೀಟು ತಾನೇ ಒಂದಿಷ್ಟು ನೀರು ಕುಡಿಯುತ್ತದೆ. ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ವಾರದಲ್ಲಿ ಅರ್ಧ ಬೆರಳಾದರೂ ಇಳಿಯಲೇಬೇಕು. ಇಳಿದಿಲ್ಲವೆಂದರೆ ಯಾರೋ ಮತ್ತೆ ತುಂಬಿಸಿದ್ದಾರೆ. ತುಂಬಿಸಬೇಕಾದರೆ ವಾಲ್ವ್ ತಿರುಗಿಸಬೇಕು. ಹಳೇ ಟ್ಯಾಂಕಿನ ಕಾಲದ ಆ ವಾಲ್ವ್ ಕೋಣೆಯ ಬೀಗದ ಕೈ ಇದ್ದದ್ದು ಒಬ್ಬರೇ ಒಬ್ಬರ ಹತ್ತಿರ, ನಮ್ಮಪ್ಪನ ಹತ್ತಿರ.

ಅಪ್ಪ ಊರಿಗೆ ನೀರು ಬಿಡುವ ಕೆಲಸದಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಪಂಚಾಯ್ತಿ ಅಧ್ಯಕ್ಷರ ಮನೆಯಿಂದ ಜನ ಬಂದು ಇನ್ನೂ ಸ್ವಲ್ಪ ಹೊತ್ತು ಬಿಡಿ ಎಂದರೂ, "ನೀರಿನ ವಿಷಯದಲ್ಲಿ ನಾನು ಯಾರ ಮುಖಾನೂ ನೋಡಲ್ಲ" ಎಂದು ವಾಪಸ್ಸು ಕಳಿಸುತ್ತಿದ್ದರು. ಆ ಮಾತು ಕೇಳಿಕೊಂಡೇ ನಾನು ಇಂಜಿನಿಯರ್ ಆದೆ. ಸಿಮೆಂಟು ಉದುರುತ್ತಿದ್ದ ಹಳೇ ಟ್ಯಾಂಕನ್ನು ಕೆಡವಿಸಲು ಕಚೇರಿಯವರ ತಲೆ ತಿಂದೆ. ಹೊಸದರ ಪರೀಕ್ಷೆಗೆ ಕಾವಲು ಯಾರು ಎಂದಾಗ ಕಣ್ಣು ಮುಚ್ಚಿಕೊಂಡು ಅಪ್ಪನ ಹೆಸರು ಹೇಳಿದ್ದೆ.

ವಾಲ್ವ್ ಕೋಣೆಯಲ್ಲಿ ಅಪ್ಪ ಸ್ಟೂಲಿನ ಮೇಲೆ ಕುಳಿತು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು. ನಾನು ಬಾಗಿಲು ಹಾಕಿಕೊಂಡೆ.

"ಎಷ್ಟು ಇಳಿದಿತ್ತಪ್ಪ?"

ಅಪ್ಪ ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. "ಎರಡು ದಿನಕ್ಕೇ ಒಂದು ಗೇಣು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬಿಟ್ಟೆ."

"ಯಾಕೆ?"

"ಆ ಗುತ್ತಿಗೆದಾರ ಬಂದಿದ್ದ. ಟ್ಯಾಂಕು ಫೇಲಾದ್ರೆ ಮೊದಲು ಹೋಗೋದು ನಿಮ್ಮ ಮಗಳ ಕೆಲಸ, ಹಳೇದನ್ನ ಕೆಡವಿಸಿದ್ದು ಅವಳೇ ತಾನೆ, ಅಂದ. ನನಗೆ ಕೈಕಾಲೇ ಆಡಲಿಲ್ಲ ಕಣಮ್ಮ."

"ಕೆಳಗೇ ಶಾಲೆ ಇದೆ. ತಳ ಸೋರಿ ಗುಡ್ಡ ಕುಸಿದ್ರೆ?"

"ಆಮೇಲೆ ರಿಪೇರಿ ಮಾಡಿಸ್ತೀನಿ ಅಂದ."

"ಅವನ ಮಾತು ನಂಬಿದ್ರಿ. ಮಗಳನ್ನ ಒಂದು ಮಾತು ಕೇಳೋಣ ಅನ್ನಿಸಲಿಲ್ಲ. ಬೇರೆ ಯಾರು ಮೋಸ ಮಾಡಿದ್ರೂ ತಡ್ಕೊಳ್ತಿದ್ದೆ. ನೀವು ಮಾಡಲ್ಲ ಅಂತ ತಾನೆ ನಿಮ್ಮನ್ನ ಕೂರಿಸಿದ್ದು?"

"ನಿನಗೋಸ್ಕರ ಮಾಡಿದ್ದಮ್ಮ."

"ಯಾರ ಮುಖಾನೂ ನೋಡಲ್ಲ ಅಂತಿದ್ರಲ್ಲ! ನಂದ್ಯಾಕೆ ನೋಡಿದ್ರಿ?"

ಅಷ್ಟರಲ್ಲಿ ಗುತ್ತಿಗೆದಾರ ಬಾಗಿಲು ತಳ್ಳಿಕೊಂಡು ಬಂದ. ಟ್ಯಾಂಕು ಸೋರುತ್ತಿದೆ, ಸಹಿ ಹಾಕುವುದಿಲ್ಲ ಎಂದೆ.

"ಒಳ್ಳೇ ಕಥೆ ಹೇಳ್ತೀರಿ! ನೀರು ಗೆರೆಗೆ ಸರಿಯಾಗಿ ನಿಂತಿದೆ. ನಿಮ್ಮಪ್ಪನೇ ಕಾವಲಿದ್ರಲ್ಲ, ಅವರನ್ನೇ ಕೇಳಿ."

ನಾನು ಅಪ್ಪನ ಕಡೆ ತಿರುಗಿದೆ. ಹೇಳುತ್ತಾರೆ, ಈಗಲಾದರೂ ಬಾಯಿ ಬಿಡುತ್ತಾರೆ ಎಂದುಕೊಂಡೆ. ಅವರು ಟೀ ಲೋಟ ನೋಡುತ್ತಾ ಕುಳಿತೇ ಇದ್ದರು. ನನ್ನ ಕೆಲಸ ಉಳಿಸುವುದಕ್ಕೆ ಹೋಗಿ ನನ್ನನ್ನು ಅವನ ಮುಂದೆ ಒಂಟಿಯಾಗಿ ನಿಲ್ಲಿಸಿಬಿಟ್ಟಿದ್ದರು.

"ಪರೀಕ್ಷೆ ಮತ್ತೆ ಮಾಡ್ತೀವಿ. ಈ ಸಲ ಕಾವಲಿಗೆ ನಾನೇ ಕೂರ್ತೀನಿ" ಎಂದು ಅಪ್ಪನ ಮುಂದೆ ಕೈ ಚಾಚಿದೆ. "ಬೀಗದ ಕೈ ಕೊಡಿ."

ಚಿಕ್ಕವಳಿದ್ದಾಗ ಒಂದೇ ಒಂದು ಸಲ ಹಿಡ್ಕೊಳ್ತೀನಿ ಎಂದು ರಚ್ಚೆ ಹಿಡಿದರೂ ಅವರು ಅದನ್ನು ನನ್ನ ಕೈಗೆ ಕೊಟ್ಟವರಲ್ಲ. ಈಗ ಎದ್ದು, ಜೇಬಿನಿಂದ ತೆಗೆದು, ಸ್ಟೂಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.