ಗಡ್ಡೆಗೊಂದು ತುತ್ತು

ಅಕ್ಕ ನಡೆಸುವ ಕ್ಯಾಂಟೀನಿನಲ್ಲಿ ಇದ್ದದ್ದು ಒಂದೇ ಕಾನೂನು, ತಟ್ಟೆಯಲ್ಲಿ ಏನೂ ಬಿಡಬಾರದು. ಯಾರಾದರೂ ಅರ್ಧಕ್ಕೇ ಎದ್ದರೆ ಅವಳು ಸೌಟು ಹಿಡಿದುಕೊಂಡೇ ಬಾಗಿಲವರೆಗೂ ಹೋಗಿ, ರುಚಿ ಕೆಟ್ಟಿತ್ತೋ ಮೈ ಸರಿಯಿಲ್ಲವೋ ಎಂದು ವಿಚಾರಿಸಿಕೊಳ್ಳುತ್ತಿದ್ದಳು. ಇಂಥ ಗಟ್ಟಿಗಿತ್ತಿಯನ್ನು ಸೋಲಿಸಿದವಳು ಒಬ್ಬಳೇ, ಅವಳ ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಎತ್ತಿ ಆಡಿಸಿ ಸಾಕಿದ ಕೂಸು ಅದು. ಎರಡು ತುತ್ತು ತಿನ್ನುವಷ್ಟರಲ್ಲಿ "ಸಾಕು ಅಕ್ಕಾ" ಎನ್ನುವ ಬುದ್ಧಿ, ಅವಳು ಹಾಡಿನ ಟೀಚರಾಗಿ ಶಾಲೆಯ ಮಕ್ಕಳನ್ನೆಲ್ಲ ಹೆದರಿಸುವ ವಯಸ್ಸಿಗೆ ಬಂದರೂ ಹೋಗಿರಲಿಲ್ಲ.

ಆ ತಂಗಿಯ ಎದೆಯಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಮೊದಲು ಔಷಧಿ, ಆಮೇಲೆ ಆಪರೇಷನ್ ಎಂದರು ದೊಡ್ಡ ಡಾಕ್ಟರು. ಔಷಧಿ ನಾಟುತ್ತಿದೆಯೋ ಇಲ್ಲವೋ ಬೇಗ ತಿಳಿಯಲೆಂದು ಆಸ್ಪತ್ರೆಯಲ್ಲಿ ಹೊಸ ಬಗೆಯ ಸ್ಕ್ಯಾನಿನ ಪ್ರಯೋಗ ನಡೆಯುತ್ತಿತ್ತು. ತಂಗಿ ಅದಕ್ಕೆ ಒಪ್ಪಿದಳು.

ಸ್ಕ್ಯಾನಿನ ಡಾಕ್ಟರಮ್ಮ ಊಟದ ಹೊತ್ತಲ್ಲೂ ಕೆಲಸ ಬಿಡದ, ಕಡ್ಡಿಯಂಥ ಹುಡುಗಿ. ಮಾಮೂಲಿ ಎಂಆರ್‌ಐ ಗಡ್ಡೆಯ ಗಾತ್ರ ತೋರಿಸಿದರೆ, ಇದು ಅದರ ಹಸಿವನ್ನು ತೋರಿಸುತ್ತದೆ ಎಂದು ಸಮಾಧಾನವಾಗಿ ವಿವರಿಸಿದಳು. ಸಕ್ಕರೆ ಮೈಯಲ್ಲಿ ಕರಗುವಾಗ ಪೈರುವೇಟ್ ಎಂಬ ಪದಾರ್ಥ ಹುಟ್ಟುತ್ತದೆ. ಅದನ್ನೇ ವಿಪರೀತ ಚಳಿಯಲ್ಲಿ, ಭಾರೀ ಅಯಸ್ಕಾಂತದೊಳಗೆ ಇಟ್ಟು ಹದ ಮಾಡಿದರೆ ಸ್ಕ್ಯಾನಿನ ಕಣ್ಣಿಗೆ ಅದು ಎದ್ದು ಕಾಣುತ್ತದೆ. ಕರಗಿಸಿ ರಕ್ತಕ್ಕೆ ಬಿಟ್ಟರೆ ಹೊಟ್ಟೆಬಾಕ ಗಡ್ಡೆ ಗಬಗಬ ನುಂಗಿ ಲ್ಯಾಕ್ಟೇಟ್ ಎಂಬ ಬೇರೆ ಪದಾರ್ಥ ಮಾಡಿಬಿಡುತ್ತದೆ. ಎಷ್ಟು ಮಾಡಿತೆಂದು ಚಿತ್ರ ಹೇಳುತ್ತದೆ. ಆದರೆ ಒಂದೆರಡು ನಿಮಿಷದಲ್ಲಿ ಹೊಳಪು ಆರಿಹೋಗುವುದರಿಂದ ಎಲ್ಲವೂ ಅವಸರದಲ್ಲಿ ಆಗಬೇಕು.

ಅಕ್ಕನಿಗೆ ಅರ್ಥವಾದದ್ದು ಒಂದೇ. "ಅಂದ್ರೆ ಆ ಹಾಳಾದ್ದಕ್ಕೆ ನೀವು ಊಟ ಹಾಕ್ತೀರಾ?"

ತಂಗಿ ಕಿಸಕ್ಕನೆ ನಕ್ಕಳು. ಅಷ್ಟರಿಂದ ಗಡ್ಡೆ ಬೆಳೆಯುವುದಿಲ್ಲ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಅಕ್ಕ ಮುಖ ಗಂಟು ಹಾಕಿಕೊಂಡೇ ಕೂತಳು. ಆದರೆ ಗಾಜಿನಾಚೆ ಆ ಹುಡುಗಿ ಸಿರಿಂಜ್ ಹಿಡಿದು ಧಾವಿಸಿದ್ದನ್ನು ಕಂಡಾಗ, ಆರುವ ಮೊದಲೇ ಬಡಿಸುವ ಇವಳೂ ನಮ್ಮ ಕಸುಬಿನವಳೇ ಎನಿಸಿ ಸಿಟ್ಟು ಸ್ವಲ್ಪ ಇಳಿಯಿತು. ಪರದೆಯ ಮೇಲೆ ಗಡ್ಡೆ ಕೆಂಡದ ಹಾಗೆ ಹೊಳೆಯಿತು. ತಂಗಿ ಎರಡು ತುತ್ತಿಗೆ ಕೈ ತೊಳೆದರೆ, ಅವಳೊಳಗೆ ಕೂತ ಈ ಪ್ರಾಣಿ ಹೀಗೆ ಬಾರಿಸುತ್ತಿದೆಯಲ್ಲ ಎಂದು ಅಕ್ಕನಿಗೆ ಹೊಟ್ಟೆ ಉರಿದುಹೋಯಿತು.

ಔಷಧಿ ಶುರುವಾಯಿತು. ತಂಗಿಯ ಕೂದಲು ಹೋಯಿತು, ನಾಲಿಗೆ ಕೆಟ್ಟಿತು, ಬಟ್ಟಲು ತುಂಬಿದಂತೆಯೇ ವಾಪಸ್ ಬರತೊಡಗಿತು. ಅಕ್ಕ ಗೋಗರೆದಳು, ಗದರಿದಳು, ಕೊನೆಗೆ ಇಬ್ಬರೂ ಕೂತು ಅತ್ತರು. ಇಷ್ಟೆಲ್ಲ ಆದ ಮೇಲೆ ಮಾಮೂಲಿ ಸ್ಕ್ಯಾನಿನಲ್ಲಿ ಗಡ್ಡೆ ಇದ್ದಷ್ಟೇ ಇತ್ತು. ಹೊಸ ಸ್ಕ್ಯಾನೂ ಅದನ್ನೇ ಹೇಳಿದರೆ ಈ ಔಷಧಿ ನಿಲ್ಲಿಸಿ ಇದಕ್ಕಿಂತ ಜೋರಿನದು ಕೊಡಬೇಕಾಗುತ್ತದೆ ಎಂದರು ದೊಡ್ಡ ಡಾಕ್ಟರು.

"ಇದಕ್ಕಿಂತ ಜೋರಿನದು ನನ್ನ ಕೈಲಾಗಲ್ಲ ಅಕ್ಕಾ," ಎಂದಳು ತಂಗಿ, ಕಾರಿಡಾರಿನ ಬೆಂಚಿನ ಮೇಲೆ. ತಮಾಷೆಗೆ ಹೇಳಿದ್ದಲ್ಲ ಅದು. ಅಕ್ಕ ಅವಳ ತಣ್ಣಗಿನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದಳು.

ಎರಡನೇ ಸಲವೂ ಡಾಕ್ಟರಮ್ಮ ಅದೇ ಅವಸರದಲ್ಲಿ ಬಡಿಸಿದಳು. ಆಮೇಲೆ ಇಬ್ಬರನ್ನೂ ಒಳಗೆ ಕರೆದು ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಅದೇ ಜಾಗ, ಅಷ್ಟೇ ಗಾತ್ರ. ಕೆಂಡ ಮಾತ್ರ ಬೂದಿ ಮುಚ್ಚಿಕೊಂಡು ಮಂಕಾಗಿತ್ತು.

"ಗಾತ್ರ ಇಳಿಯೋಕೆ ಇನ್ನೂ ಸಮಯ ಬೇಕು ಅಮ್ಮ. ಆದ್ರೆ ನಾವು ಬಡಿಸಿದ್ದನ್ನ ಅದು ಅರ್ಧಕ್ಕರ್ಧ ಹಾಗೇ ಬಿಟ್ಟಿದೆ. ಔಷಧಿ ನಾಟ್ತಾ ಇದೆ, ಬದಲಾಯಿಸೋದು ಬೇಡ."

ತಟ್ಟೆಯಲ್ಲಿ ಬಿಟ್ಟವರನ್ನು ಕಂಡು ಅಕ್ಕನಿಗೆ ಜನ್ಮದಲ್ಲೇ ಇಷ್ಟು ಸಂತೋಷವಾಗಿರಲಿಲ್ಲ.

"ನನ್ನ ಗಡ್ಡೆ ತಾನೇ ಅಕ್ಕಾ," ಎಂದಳು ತಂಗಿ. "ನನ್ನ ಬುದ್ಧಿ ಎಲ್ಲಿ ಹೋಗುತ್ತೆ?"

ಅಕ್ಕ ನಗುತ್ತ ಅಳುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಊಟ ಮಾಡದೆ ಕೆಲಸ ಮಾಡುವ ಚಟ ಬಿಡು ಎಂದು ಡಾಕ್ಟರಮ್ಮನನ್ನು ಗದರಿಸಿ, ನಾಳೆ ಕ್ಯಾಂಟೀನಿಗೆ ಬರುವುದಾಗಿ ಮಾತು ತೆಗೆದುಕೊಂಡೇ ಎದ್ದಳು.

ಅಂದು ಸಂಜೆ ತಂಗಿ ಅರ್ಧ ಬಟ್ಟಲು ಸೂಪು ಕುಡಿದು "ಸಾಕು ಅಕ್ಕಾ" ಎಂದಳು. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿಕೊಂಡಳು. ಅಕ್ಕ ಬಟ್ಟಲನ್ನು ತೆಗೆದುಕೊಂಡು, ಅವಳ ಪಕ್ಕದಲ್ಲೇ ಕೂತು, ಉಳಿದದ್ದನ್ನು ತಾನೇ ಕುಡಿದಳು.