ಗುಸ್ತಾವ್ ಆದಮೇಲೋ, ಐಕ್ ಆದಮೇಲೋ

ಮೂರು ಖಾಸಗಿ ಕಂಪನಿಗಳು ಮಿಸ್ ಯೂಲಾ ಅವರ ಮನೆಗೆ ವಿಮೆ ಕೊಡುವುದಿಲ್ಲ ಎಂದಿದ್ದವು. ಕಡಲಿಗೆ ಅಷ್ಟು ಹತ್ತಿರದ ಮನೆಗೆ ಉಳಿದದ್ದು ಲೂಯಿಸಿಯಾನಾ ಸರ್ಕಾರದ ವಿಮೆಯೊಂದೇ. ಅದರ ಅರ್ಜಿಗಳನ್ನು ನಮ್ಮೂರ ಏಜೆಂಟರ ಕಚೇರಿಯಲ್ಲಿ ತುಂಬುವವಳು ನಾನು.

ಶುಕ್ರವಾರ ಮಧ್ಯಾಹ್ನ ಅವರು ಬಂದು ಕೂತರು. ನಮ್ಮೂರಲ್ಲಿ ಮದುವೆಯಾದ ಹಿರಿಯ ಹೆಂಗಸರನ್ನೂ ಮಿಸ್ ಎಂದೇ ಕರೆಯುವುದು.

"ಚಾವಣಿ ಯಾವಾಗ ಹಾಕ್ಸಿದ್ದು, ಮಿಸ್ ಯೂಲಾ?"

"ಗುಸ್ತಾವ್ ಆದ್ಮೇಲೆ."

ನಮ್ಮ ಕಡೆ ಇಸವಿ ಯಾರಿಗೂ ನೆನಪಿರುವುದಿಲ್ಲ, ಬಿರುಗಾಳಿಗಳ ಹೆಸರು ನೆನಪಿರುತ್ತದೆ. ನಾನು 2008 ಎಂದು ಬರೆದೆ. ಸಹಿಗಳೆಲ್ಲ ಆದವು. ಕಂಪ್ಯೂಟರಿನಲ್ಲಿ ಅರ್ಜಿ ಕಳಿಸುವ ಗುಂಡಿ ಒತ್ತಿದರೆ ಆ ಗಳಿಗೆಯಿಂದಲೇ ವಿಮೆ ಶುರು. ಅಷ್ಟರಲ್ಲಿ, ಎದ್ದು ಹೊರಟಿದ್ದ ಅವರು ಬಾಗಿಲಲ್ಲಿ ನಿಂತರು.

"ತಡಿ ನಾಡೀನ್, ಐಕ್ ಆದ್ಮೇಲಿರ್ಬೇಕು ಕಣೆ. ಗುಸ್ತಾವ್‌ಗೆ ಹೋಗಿದ್ದು ಕೋಳಿಗೂಡು. ನನ್ನ ಗಂಡನ್ನೂ ಎತ್ಕೊಂಡೋಗತ್ತೇನೋ ಅಂತ ಕಾದೆ, ಪುಣ್ಯಾತ್ಮನ್ನ ಬಿಟ್ಟೋಯ್ತು."

ನಾನು ನಗಲಿಲ್ಲ. ಅರ್ಜಿಯಲ್ಲಿ ಒಂದು ತಪ್ಪಿದ್ದರೂ ಪರಿಹಾರ ಸಿಗದೆ ಹೋಗಬಹುದೆಂದು ವಿಮೆಯ ಸಂಜೆ ತರಗತಿಯಲ್ಲಿ ಕಲಿತಿದ್ದೆ. ಬೆರಳು ಹಿಂದಕ್ಕೆ ಬಂತು.

"ರಸೀದಿ ಹುಡುಕಿ ತನ್ನಿ. ಸೋಮವಾರ ಕಳಿಸ್ತೀನಿ."

"ಓದಿದೋಳು ನೀನು. ನೀನು ಹೇಳ್ದಂಗೆ."

ಭಾನುವಾರ ಹೊಸ ಬಿರುಗಾಳಿಯೊಂದು ಕೊಲ್ಲಿಯೊಳಕ್ಕೆ ಬಂತು. ಗಾಳಿ ಕೊಲ್ಲಿಯಲ್ಲಿರುವಷ್ಟು ದಿನ ಯಾರಿಗೂ ಹೊಸ ವಿಮೆ ಕೊಡುವಂತಿಲ್ಲ. ಸೋಮವಾರ ನನ್ನ ಪರದೆಯ ಮೇಲೆ, ಹೊಸ ಅರ್ಜಿ ಬಂದ್ ಎಂಬ ಕೆಂಪು ಗೆರೆ. ಮಿಸ್ ಯೂಲಾ ಬಿಸ್ಕತ್ತಿನ ಡಬ್ಬಿಯಿಂದ ರಸೀದಿ ತೆಗೆದು ಎದುರಿಗಿಟ್ಟರು. ನವೆಂಬರ್, 2008.

ಆಗ ಹೊಳೆಯಿತು. ಗುಸ್ತಾವ್, ಐಕ್ ಎರಡೂ ಒಂದೇ ಸೆಪ್ಟೆಂಬರಿನಲ್ಲಿ ಬಂದವು, ಎರಡು ವಾರದ ಅಂತರವೂ ಇರಲಿಲ್ಲ. ಆ ತಿಂಗಳೆಲ್ಲ ನಾನೂ ಅಮ್ಮನ ಮನೆಯ ಕೆಸರು ಬಾಚಿದವಳೇ. ಅರ್ಜಿ ಕೇಳಿದ್ದು ಇಸವಿಯನ್ನು ಮಾತ್ರ.

ಬುಧವಾರ ಅವರ ಚಾವಣಿ ಕಾಲುವೆಯಲ್ಲಿ ಬಿದ್ದಿತ್ತು.

ಮುಂದಿನ ವಾರ ಅವರು ಸಿಗಡಿ ಸಾರಿನ ಪಾತ್ರೆ ಹಿಡಿದು ಬಂದರು. "ಆ ಸರ್ಕಾರದೋರು ಮೂತಿಗೆ ಹೊಡ್ದಂಗೆ ಬಾಗ್ಲು ಹಾಕ್ಕೊಂಡ್ರು. ನೀನಾದ್ರೂ ನನ್ನ ಮನೆಗೋಸ್ಕರ ಅಷ್ಟು ತಲೆ ಕೆಡಿಸ್ಕೊಂಡ್ಯಲ್ಲ. ತಗೋ."

ಪಾತ್ರೆ ಇನ್ನೂ ಬಿಸಿಯಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಅದನ್ನು ಮೇಜಿನ ಮೇಲಿಟ್ಟೆ.

"ಮಿಸ್ ಯೂಲಾ, ಶುಕ್ರವಾರಾನೇ ಕಳಿಸ್ಬಹುದಿತ್ತು. ಗುಸ್ತಾವ್, ಐಕ್ ಎರಡೂ ಒಂದೇ ವರ್ಷ. ನಾನು ಬರೆದಿದ್ದು ಸರಿಯಾಗೇ ಇತ್ತು. ತಡೆದೋಳು ನಾನು."

ಅವರು ಬಾಯೊಳಗೇ ಗಾಳಿಗಳ ಹೆಸರು ಹೇಳಿಕೊಳ್ಳುತ್ತ ಬೆರಳು ಮಡಚಿದರು. ಎರಡನೆಯ ಬೆರಳಿಗೆ ನಿಲ್ಲಿಸಿದರು. ಬಯ್ಯಲಿ ಎಂದು ಕಾದೆ.

"ಪಾತ್ರೆ ಖಾಲಿ ಮಾಡ್ಕೊಡು," ಎಂದರು. "ನನ್ನತ್ರ ಉಳಿದಿರೋದು ಅದೊಂದೇ."

ಅವರು ಅರ್ಜಿದಾರರ ಕುರ್ಚಿಯಲ್ಲೇ ಕೂತು ನೋಡುತ್ತಿದ್ದರು. ಕಚೇರಿಯಲ್ಲಿ ಬೇರೆ ಪಾತ್ರೆಯಿರಲಿಲ್ಲ. ನಾನು ಸಾರನ್ನು ಕಾಫಿ ಲೋಟಗಳಿಗೆ, ಒಂದಾದಮೇಲೊಂದರಂತೆ, ತುಂಬಿಸುತ್ತ ಹೋದೆ.